ಮೊಸಂಗಿ, ಮುಸಂಗಿ, ಮಸ್ಕಿ: ಹೆಸರುಗಳ ಸಾಮ್ಯವಿಚಾರ

ಒಂದೇ ಊರಿನ ಹೆಸರು ಶಿಲೆಯಲ್ಲಿ ಒಂದು ಬಗೆಯಾಗಿಯೂ, ಜನರ ನಾಲಗೆಯಲ್ಲಿ ಇನ್ನೊಂದು ಬಗೆಯಾಗಿಯೂ, ಸರಕಾರದ ದಪ್ತರದಲ್ಲಿ ಮತ್ತೊಂದು ಬಗೆಯಾಗಿಯೂ ಕಾಣಬರುವುದು ಕನ್ನಡನಾಡಿನಲ್ಲಿ ವಿರಳವಲ್ಲ. ಸಂತೆಕಲ್ಲೂರು, ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ಸೀಮೆಯು ಇದಕ್ಕೆ ಒಳ್ಳೆಯ ನಿದರ್ಶನವು. 1948ರ ವರೆಗೆ ಈ ಸೀಮೆಯು ನಿಜಾಮರ ಆಳಿಕೆಗೆ ಒಳಪಟ್ಟಿದ್ದಿತು. ಉರ್ದು ಬರವಣಿಗೆಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಇಂಗ್ಲಿಷ್ ಲಿಪಿಯಲ್ಲಿ ಲ, ಳ ಎಂಬ ಭೇದವೇ ಇಲ್ಲ. ಇಂತಹ ಲಿಪಿಗಳನ್ನು ಹಾದು ಬಂದ ಹೆಸರು ರೂಪಾಂತರ ಹೊಂದುವುದು ಸಹಜವೇ ಸರಿ.

ಹೆಸರನ್ನು ಹೆಸರಿಗೆ ಹೊಂದಿಸುವುದರಿಂದ ಇತಿಹಾಸಕ್ಕೆ ಎಂತಹ ಲಾಭವೆಂಬುದನ್ನು ಮಸ್ಕಿಯೇ ಜಗತ್ತಿಗೆ ತೋರಿಸಿಕೊಟ್ಟಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಪಂಡಿತರು ಬ್ರಾಹ್ಮೀ ಲಿಪಿಯನ್ನು ಓದಿದಾಗ, ಶಾಸನಗಳಲ್ಲಿಯ ‘ದೇವಾನಂಪಿಯ’ನು ಸಿಂಹಳದ ಅರಸನಿರಬೇಕೆಂದು ಮೊದಲು ಎಣಿಸಿದರು. ಟರ್ನರ್ ಎಂಬವರು ಪಾಲಿಗ್ರಂಥದ ಆಧಾರದಿಂದ ಅವನೇ ಅಶೋಕನೆಂದು ಸಾಧಿಸಿದರು. ಆದರೂ ಶಾಸನದೊಳಗೇ ಆ ಹೆಸರು ದೊರೆಯಬೇಕಾದರೆ 1915ರ ವರೆಗೆ ಕಾಯಬೇಕಾಯಿತು. ಆ ವರುಷ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರು ಮಸ್ಕಿಯಲ್ಲಿ ಕಂಡ ಬಂಡೆಯ ಮೇಲೆ ದೇವಾನಂಪಿಯ, ಅಶೋಕ ಎಂಬೆರಡು ಹೆಸರುಗಳೂ ಜೊತೆಯಾಗಿ ಇದ್ದವು. ಈ ಎರಡು ಹೆಸರುಗಳಲ್ಲಿ ಧ್ವನಿಸಾಮ್ಯವು ಲೇಶವೂ ಇಲ್ಲ. ಇವನ್ನು ಕೂಡಿಸಿದ್ದು ಕಲ್ಲಿನ ಸಾಕ್ಷ್ಯವೇ ಹೊರತು ಕಿವಿಯಲ್ಲ.

ಮಸ್ಕಿಯ ಸ್ವಂತ ಹೆಸರಿನ ಕಥೆ ಬೇರೆ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಈ ಊರು ‘ಪಿರಿಯ ಮೊಸಂಗಿ’. ಸುಮಾರು 1021ರಲ್ಲಿ ರಾಜೇಂದ್ರ ಚೋಳನಿಗೂ ಜಯಸಿಂಹನಿಗೂ ನಡೆದ ಕಾಳಗದ ಸ್ಥಳವನ್ನು ತಮಿಳು ಶಾಸನಗಳು ಮುಸಂಗಿ, ಮುಯಂಗಿ ಎನ್ನುವವು. ಇವೆಲ್ಲವೂ ಒಂದೇ ಊರೆಂಬುದು ಅನೇಕ ವಿದ್ವಾಂಸರ ಮತವು.

ಈಗ ಇದೇ ಕಾರ್ಯವನ್ನು ಗಣಕಯಂತ್ರಕ್ಕೆ ಒಪ್ಪಿಸಿದರೆ ಏನಾಗುವುದು? ಇದರ ಮೂಲವಿಧಾನವು ಗಣಕಯಂತ್ರಕ್ಕಿಂತ ಹಳೆಯದು. ಅಮೇರಿಕದ ರಾಬರ್ಟ್ ರಸೆಲ್ 1918ರಲ್ಲಿ ಹೆಸರುಗಳ ಪಟ್ಟಿಗಾಗಿ ಇಂತಹ ಒಂದು ಕ್ರಮಕ್ಕೆ ಪೇಟೆಂಟ್ ಪಡೆದನು. ಅದರಿಂದ ಬೆಳೆದ ‘ಸೌಂಡೆಕ್ಸ್’ ಕ್ರಮದಲ್ಲಿ ಮೊದಲಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಸಮೀಪದ ಧ್ವನಿಯುಳ್ಳ ವ್ಯಂಜನಗಳಿಗೆ ಒಂದೇ ಅಂಕೆಯನ್ನು ಕೊಡುವರು. ಸ, ಕ, ಗ ಧ್ವನಿಗಳಿಗೆ 2; ಮ, ನ ಧ್ವನಿಗಳಿಗೆ 5. ಒತ್ತೊತ್ತಾಗಿ ಬಂದ ಒಂದೇ ಅಂಕೆಯನ್ನು ಒಮ್ಮೆ ಮಾತ್ರ ಎಣಿಸುವರು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಪರೀಕ್ಷಿಸಿದರೆ ಮೊಸಂಗಿ, ಮುಸಂಗಿ ಎರಡಕ್ಕೂ ‘ಎಂ 252’ ಬರುವುದು, ಇದು ಯುಕ್ತವೇ. ಆದರೆ ಮುಯಂಗಿಗೆ ‘ಎಂ 520’, ಮಸ್ಕಿಗೆ ‘ಎಂ 200’. ಹೈದರಾಬಾದಿನ ಮೂಸಿ ಹೊಳೆಗೂ ಅದೇ ‘ಎಂ 200’! ಹೀಗೆ ಊರು ತನ್ನ ಪೂರ್ವನಾಮದಿಂದ ಅಗಲಿ ದೂರದ ಹೊಳೆಯೊಡನೆ ನಂಟು ಬೆಳೆಸಿತು.

1965ರಲ್ಲಿ ರಷ್ಯದ ಲೆವೆನ್‌ಸ್ಟೈನ್ ಹೇಳಿದ ಕ್ರಮವು ಇನ್ನೊಂದು. ಒಂದು ಶಬ್ದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂಬ ಲೆಕ್ಕವೇ ಅಲ್ಲಿ ದೂರವು. ಮುಸಂಗಿಗೂ ಮುಯಂಗಿಗೂ ಒಂದೇ ಹೆಜ್ಜೆ. ಇಂಗ್ಲಿಷ್ ಅಕ್ಷರಗಳಲ್ಲಿ ಮುಸಂಗಿಯಿಂದ ಮಸ್ಕಿಗೆ ನಾಲ್ಕು ಹೆಜ್ಜೆ, ಮೂಸಿಯಿಂದ ಎರಡೇ. ಇಲ್ಲಿಯೂ ಹೊಳೆಯೇ ಗೆದ್ದಿತು.

ದೋಷವು ಯಂತ್ರದ್ದಲ್ಲ, ಕನ್ನಡದ ಧ್ವನಿನಿಯಮಗಳನ್ನು ಅದಕ್ಕೆ ಕಲಿಸದೆ ಇದ್ದುದೇ ದೋಷ. ಹಳಗನ್ನಡದ ಪಕಾರವು ಹಕಾರವಾದುದನ್ನು ಅರಿಯದ ಕ್ರಮವು, ಮೊದಲಕ್ಷರವು ಬೇರೆಯೆಂಬ ಕಾರಣದಿಂದ, ಪೊಯ್ಸಳನನ್ನೂ ಹೊಯ್ಸಳನನ್ನೂ ಇಬ್ಬರೆಂದೇ ಬಗೆಯುವುದು. ಪಿರಿಯ, ಹಿರಿಯಗಳ ಗತಿಯೂ ಅಷ್ಟೇ. ಱಕಾರ ರಕಾರದಲ್ಲಿಯೂ, ೞಕಾರ ಳಕಾರದಲ್ಲಿಯೂ ಲೀನವಾದುದನ್ನು ಸಹ ಪಟ್ಟಿಯಲ್ಲಿ ಸೇರಿಸತಕ್ಕದ್ದು.

ಇದು ಪಂಡಿತರ ಕುತೂಹಲ ಮಾತ್ರವಲ್ಲ. ಸಂತೆಕಲ್ಲೂರಿನ ಘನಮಠದ ಶಿವಯೋಗಿಗಳ ‘ಕೃಷಿಜ್ಞಾನ ಪ್ರದೀಪಿಕೆ’ಯನ್ನು ಇಂಗ್ಲಿಷ್ ಲಿಪಿಯ ಪಟ್ಟಿಯಲ್ಲಿ ಹುಡುಕುವವನು ‘ಕೃಷಿ’ಯನ್ನು ಕ್ರಿ ಎಂದು ಬರೆದರೂ ಕ್ರು ಎಂದು ಬರೆದರೂ ಸೌಂಡೆಕ್ಸ್ ಒಂದೇ ಸಂಕೇತವನ್ನು ಕೊಡುವುದು. ‘ಜ್ಞಾನ’ವನ್ನು ಒಬ್ಬನು ಜಕಾರದಿಂದಲೂ ಇನ್ನೊಬ್ಬನು ಗಕಾರದಿಂದಲೂ ಆರಂಭಿಸಿದರೆ ಸಂಕೇತವೇ ಬೇರೆಯಾಗಿ, ಇರುವ ಗ್ರಂಥವೂ ಇಲ್ಲವೆಂದಾಗುವುದು. ರೈತನ ಹೊಲದ ಪತ್ರ, ಅವನ ತಂದೆಯ ಹೆಸರು, ಊರಿನ ಹೆಸರು ಇವುಗಳಿಗೂ ಇದೇ ಅಪಾಯವುಂಟು.

ಆದುದರಿಂದ ಯಂತ್ರವು ಒಂದೇ ಆಗಿರಬಹುದಾದ ಹೆಸರುಗಳನ್ನು ಆಯ್ದು ಮುಂದಿಡಲಿ. ಶಾಸನ, ಭೂಗೋಳ, ಕಾಲ ಇವು ಮೂರೂ ಒಪ್ಪಿದ ಮೇಲೆಯೇ ನಿರ್ಣಯವಾಗಲಿ. ಧ್ವನಿಸಾಮ್ಯವು ಹುಡುಕಾಟದ ಆರಂಭವೇ ಹೊರತು ಅದರ ಕೊನೆಯಲ್ಲ.