ಡೌರೊ ದಂಡೆಯ ಪೀಪಾಯಿಗಳು: ಉಗ್ರಾಣಗಳು ಸಂಗ್ರಹಾಲಯಗಳಾದ ಬಗೆ

ಸ್ಪೇನಿನ ಬೆಟ್ಟಗಳಲ್ಲಿ ಹುಟ್ಟುವ ಡೌರೊ ನದಿಯು ಸುಮಾರು 900 ಕಿಲೋಮೀಟರ್ ಹರಿದು, ಪೋರ್ಚುಗಲ್ಲಿನ ಉತ್ತರ ಭಾಗದಲ್ಲಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ಸೇರುವ ಮುನ್ನ ಅದು ಎರಡು ಊರುಗಳ ನಡುವೆ ಹಾದುಹೋಗುತ್ತದೆ. ಬಲದಂಡೆಯಲ್ಲಿ ಪೋರ್ತೊ, ಎಡದಂಡೆಯಲ್ಲಿ ವಿಲಾ ನೋವಾ ದಿ ಗಾಯ. ಜಗತ್ತಿಗೆಲ್ಲ ಪರಿಚಿತವಾದ ಪೋರ್ಟ್ ವೈನ್ ತನ್ನ ಹೆಸರನ್ನು ಪಡೆದುದು ಪೋರ್ತೊದಿಂದ. ಅದು ಪೀಪಾಯಿಗಳಲ್ಲಿ ಮಲಗಿ ಹದಗೊಂಡುದು ಎದುರು ದಂಡೆಯ ಗಾಯದಲ್ಲಿ. ಅದರ ದ್ರಾಕ್ಷಿ ಬೆಳೆಯುವುದು ಇವೆರಡರಿಂದಲೂ ದೂರ, ನದಿಯ ಮೇಲ್ಭಾಗದ ಕಲ್ಲುಬೆಟ್ಟಗಳಲ್ಲಿ. ಹುಟ್ಟು ಒಂದೆಡೆ, ವಾಸ ಇನ್ನೊಂದೆಡೆ, ಹೆಸರು ಮತ್ತೊಂದೆಡೆ ಎಂಬ ಈ ಹಂಚಿಕೆಯ ಹಿಂದೆ ಶತಮಾನಗಳ ಆರ್ಥಿಕ ಇತಿಹಾಸವಿದೆ.

2020ರ ಜುಲೈ 31ರಂದು ಗಾಯದ ಇಳಿಜಾರಿನಲ್ಲಿ 'ವರ್ಲ್ಡ್ ಆಫ್ ವೈನ್' ಎಂಬ ಸಂಗ್ರಹಾಲಯಗಳ ಸಮುಚ್ಚಯವೊಂದು ತೆರೆಯಿತು. ಪೋರ್ಟ್ ವೈನ್ ವ್ಯಾಪಾರದ ಹಳೆಯ ಮನೆತನಗಳನ್ನು ಒಳಗೊಂಡ ಫ್ಲಾಡ್‌ಗೇಟ್ ಪಾರ್ಟ್‌ನರ್‌ಶಿಪ್ ಸಂಸ್ಥೆಯು ತನ್ನ ಪುರಾತನ ಉಗ್ರಾಣಗಳನ್ನು ದುರಸ್ತಿಗೊಳಿಸಿ, ಹತ್ತು ಕೋಟಿ ಯೂರೋಗಳಿಗೂ ಮಿಕ್ಕಿ ವ್ಯಯಿಸಿ ನಿರ್ಮಿಸಿದ ಈ ಸಮುಚ್ಚಯದ ವಿಸ್ತಾರ ಸುಮಾರು 55,000 ಚದರ ಮೀಟರ್. ವೈನ್ ತಯಾರಿಕೆಯ ಕುರಿತ ಸಂಗ್ರಹಾಲಯ, ಬಿರಡೆಯ ಮರದ ಕುರಿತ ಸಂಗ್ರಹಾಲಯ, ಚಾಕೊಲೇಟಿನ ಕಥೆ ಹೇಳುವ ಸಂಗ್ರಹಾಲಯ, ಸಾವಿರಾರು ವರ್ಷಗಳ ಪಾನಪಾತ್ರೆಗಳ ಸಂಗ್ರಹ, ಪೋರ್ತೊ ಪ್ರದೇಶದ ಇತಿಹಾಸದ ಪ್ರದರ್ಶನ, ನಡುನಡುವೆ ಭೋಜನಶಾಲೆಗಳು, ಮಧ್ಯದಲ್ಲಿ ನದಿಯತ್ತ ತೆರೆದುಕೊಂಡ ಚೌಕ. ಅಲ್ಲಿ ನಿಂತವನಿಗೆ ಎದುರು ದಂಡೆಯ ಪೋರ್ತೊ ನಗರವೂ, ತಿಯೊಫಿಲ್ ಸೈರಿಗ್ ರೂಪಿಸಿ 1886ರಲ್ಲಿ ಸಂಚಾರಕ್ಕೆ ತೆರೆದ ದೋಂ ಲೂಯಿಷ್ ಸೇತುವೆಯ ಕಬ್ಬಿಣದ ಕಮಾನೂ ಒಂದೇ ನೋಟದಲ್ಲಿ ಸಿಗುತ್ತವೆ.

ಮದ್ಯವನ್ನು ಸೇವಿಸದವನೂ ಇತಿಹಾಸದ ವಿದ್ಯಾರ್ಥಿಯಾಗಿ ಇಲ್ಲಿ ನೋಡಬೇಕಾದುದು ಬಹಳವಿದೆ. ಅವನು ಮೊದಲು ಕೇಳಬೇಕಾದ ಪ್ರಶ್ನೆ ಇದು: ವೈನ್ ತುಂಬಿರಬೇಕಾಗಿದ್ದ ಉಗ್ರಾಣಗಳು ಸಂಗ್ರಹಾಲಯಗಳಿಗೆ ಎಡೆಮಾಡಿಕೊಡುವಷ್ಟು ಬರಿದಾದುದು ಹೇಗೆ? ಇದಕ್ಕೆ ಉತ್ತರ ಹುಡುಕಲು, ಅವು ಗಾಯದಲ್ಲಿ ಏಕೆ ತುಂಬಿದ್ದವು ಎಂಬುದನ್ನು ಮೊದಲು ತಿಳಿಯಬೇಕು.

ಉಗ್ರಾಣಗಳು ಎಡದಂಡೆಯಲ್ಲಿ ನೆಲೆಗೊಳ್ಳಲು ಎರಡು ಕಾರಣಗಳನ್ನು ಸಾಮಾನ್ಯವಾಗಿ ಹೇಳುತ್ತಾರೆ. ಗಾಯದ ಇಳಿಜಾರು ಉತ್ತರಾಭಿಮುಖವಾದುದರಿಂದ ಬಿಸಿಲಿನ ತಾಪ ಕಡಿಮೆ. ಸಾಗರದ ಸಾಮೀಪ್ಯದಿಂದ ತೇವಾಂಶ ಹೆಚ್ಚು. ನಿಧಾನವಾಗಿ ಹದಗೊಳ್ಳಬೇಕಾದ ವೈನಿಗೆ ಇವೆರಡೂ ಅನುಕೂಲ. ಎರಡನೆಯ ಕಾರಣ ಸುಂಕದ್ದು. ಮಧ್ಯಯುಗದಲ್ಲಿ ಪೋರ್ತೊ ಪಟ್ಟಣ ಅಲ್ಲಿನ ಬಿಷಪ್ಪರ ಅಧೀನದಲ್ಲಿತ್ತು. ಅಲ್ಲಿ ಇಳಿಯುವ ಸರಕಿನ ಸುಂಕ ಅವರಿಗೆ ಸಲ್ಲುತ್ತಿತ್ತು. ಈ ಆದಾಯದಲ್ಲಿ ಪಾಲು ಬಯಸಿದ ಅರಸರು ಎದುರು ದಂಡೆಯನ್ನು ಪ್ರೋತ್ಸಾಹಿಸಿದರು. ಮೂರನೆಯ ಅಫೋನ್ಸು 1255ರಲ್ಲಿ ಗಾಯಕ್ಕೂ, ದಿನಿಷ್ 1288ರಲ್ಲಿ ವಿಲಾ ನೋವಾಕ್ಕೂ ಸನದು ನೀಡಿದರು. ನೆರಳಿನಷ್ಟೇ ತೆರಿಗೆಯೂ ಈ ಊರನ್ನು ಕಟ್ಟಿತು.

ಆದರೆ ವೈನಿನ ವ್ಯಾಪಾರ ದೊಡ್ಡದಾದುದು 17ನೆಯ ಶತಮಾನದ ಉತ್ತರಾರ್ಧದಿಂದೀಚೆಗೆ. ಫ್ರಾನ್ಸಿನೊಡನೆ ವೈರ ಬೆಳೆದ ಕಾಲದಲ್ಲಿ ಇಂಗ್ಲೆಂಡಿನ ವರ್ತಕರು ಬೇರೆ ಮೂಲಗಳನ್ನು ಅರಸಿದರು. 1703ರ ಮೆಥುಯೆನ್ ಒಪ್ಪಂದದಂತೆ ಇಂಗ್ಲೆಂಡಿನ ಉಣ್ಣೆಬಟ್ಟೆಗೆ ಪೋರ್ಚುಗಲ್ ತನ್ನ ಮಾರುಕಟ್ಟೆಯನ್ನು ತೆರೆಯಿತು. ಪ್ರತಿಯಾಗಿ ಪೋರ್ಚುಗಲ್ಲಿನ ವೈನಿಗೆ ಫ್ರೆಂಚ್ ವೈನಿಗಿಂತ ಮೂರನೆಯ ಒಂದು ಪಾಲು ಕಡಿಮೆ ಸುಂಕ ನಿಗದಿಯಾಯಿತು. ಬೇಡಿಕೆ ಏರಿದಂತೆ ಕಲಬೆರಕೆಯೂ ಏರಿತು. ಬಣ್ಣ ಗಾಢವಾಗಿ ಕಾಣಲೆಂದು ಎಲ್ಡರ್‌ಬೆರಿ ಹಣ್ಣಿನ ರಸ ಬೆರೆಸುವುದು ವಾಡಿಕೆಯಾಯಿತು. 1750ರ ದಶಕದ ಹೊತ್ತಿಗೆ ಬೆಲೆ ಕುಸಿದು ಬೆಳೆಗಾರರು ಸಂಕಷ್ಟಕ್ಕೀಡಾದರು.

ಆಗ ಪೋರ್ಚುಗಲ್ಲಿನ ಆಡಳಿತಸೂತ್ರ ಹಿಡಿದಿದ್ದವನು, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂದು ಪ್ರಸಿದ್ಧನಾದ ಸೆಬಾಸ್ತಿಯಾಂವ್ ಜುಜೆ ದಿ ಕಾರ್ವಾಲ್ಯು. 1755ರ ಭೂಕಂಪದಿಂದ ನೆಲಕಚ್ಚಿದ ಲಿಸ್ಬನ್ ನಗರವನ್ನು ಮರಳಿ ಕಟ್ಟಿದವನೂ ಇವನೇ. 1756ರ ಸೆಪ್ಟೆಂಬರ್ 10ರ ರಾಜಾಜ್ಞೆಯ ಮೂಲಕ ಮೇಲ್ಡೌರೊ ದ್ರಾಕ್ಷಿ ಕೃಷಿಯ ಕಂಪನಿಯೊಂದು ಸ್ಥಾಪನೆಯಾಯಿತು. ಎಲ್ಲೆಯೊಳಗಿನ ದ್ರಾಕ್ಷಿಯಿಂದ ತಯಾರಾದ ವೈನಿಗೆ ಮಾತ್ರ ರಫ್ತಿನ ಅರ್ಹತೆ. ಎಲ್ಡರ್‌ಬೆರಿ ಗಿಡಗಳನ್ನು ಕಿತ್ತೊಗೆಯಬೇಕೆಂಬ ಆದೇಶ. ಗುಣಕ್ಕೆ ತಕ್ಕ ವರ್ಗೀಕರಣ ಮತ್ತು ಬೆಲೆ. ಎಲ್ಲೆಯನ್ನು ಗುರುತಿಸಲು 1758ರಿಂದ 1761ರ ನಡುವೆ 335 ಗ್ರಾನೈಟ್ ಕಂಬಗಳನ್ನು ನೆಡಲಾಯಿತು. ಇಟಲಿಯ ಕಿಯಾಂತಿ ಪ್ರದೇಶಕ್ಕೆ 1716ರಲ್ಲಿಯೇ ಎಲ್ಲೆ ಗೊತ್ತಾಗಿತ್ತು ಎಂಬುದು ನಿಜ. ಎಲ್ಲೆ, ವರ್ಗೀಕರಣ ಹಾಗೂ ನಿಯಂತ್ರಣ ಮೂರನ್ನೂ ಒಂದೇ ಸಂಸ್ಥೆಯ ಕೈಗೆ ಒಪ್ಪಿಸಿದ್ದು ಡೌರೊದ ವೈಶಿಷ್ಟ್ಯ.

ಆ ಕಂಬಗಳ ಮೇಲೆ ಕೊರೆದಿರುವ ಪದ 'ಫೈತೊರಿಯ'. ಪರದೇಶದ ವರ್ತಕರ ಕೋಠಿ ಎಂಬುದು ಅದರ ಅರ್ಥ. ಕೋಠಿಯ ವರ್ತಕರಿಗೆ ಸಲ್ಲುವ, ಅಂದರೆ ರಫ್ತಿಗೆ ಯೋಗ್ಯವಾದ ವೈನ್ 'ಫೈತೊರಿಯ' ವರ್ಗದ್ದು. ಊರಿನವರ ಬಳಕೆಯ ವೈನ್ 'ರಾಮು' ಎಂಬ ಇನ್ನೊಂದು ವರ್ಗದ್ದು. ಉತ್ತಮವಾದುದು ಹಡಗಿಗೆ, ಉಳಿದುದು ಊರಿಗೆ ಎಂಬ ನ್ಯಾಯ ಹೀಗೆ ಶಾಸನದ ರೂಪ ಪಡೆಯಿತು. ಈ ನ್ಯಾಯದ ನೆನಪು ಪೋರ್ತೊದ ಜನಪದದಲ್ಲಿ ಇನ್ನೂ ಹಳೆಯದು. ಪೋರ್ತೊದವರಿಗೆ 'ತ್ರಿಪೈರು', ಅಂದರೆ ಪ್ರಾಣಿಯ ಕರುಳು ತಿನ್ನುವವರು, ಎಂಬ ಅಡ್ಡಹೆಸರಿದೆ. 1415ರಲ್ಲಿ ಸೆಉತಾ ದಂಡಯಾತ್ರೆಗೆ ಹೊರಟ ನೌಕಾಪಡೆಗೆ ಊರಿನವರು ಮಾಂಸವನ್ನೆಲ್ಲ ಕೊಟ್ಟು, ತಾವು ಕರುಳನ್ನಷ್ಟೇ ಉಳಿಸಿಕೊಂಡರೆಂಬ ಐತಿಹ್ಯ ಅದರ ಹಿಂದಿದೆ. ಐತಿಹ್ಯ ಘಟನೆಗೆ ಪ್ರಮಾಣವಾಗಲಾರದು. ಆದರೆ ಬಂದರಿನ ಜನ ತಮ್ಮ ಬಾಳನ್ನು ಹೇಗೆ ಕಂಡುಕೊಂಡರು ಎಂಬುದಕ್ಕೆ ಅದು ಪ್ರಮಾಣ.

ಕಂಪನಿಯ ಏಕಸ್ವಾಮ್ಯಕ್ಕೆ ಪ್ರತಿರೋಧವೂ ಬಂತು. ಪೋರ್ತೊದ ಹೋಟಲುಗಳಲ್ಲಿ ಚಿಲ್ಲರೆಯಾಗಿ ವೈನ್ ಮಾರುವ ಹಕ್ಕು ಕಂಪನಿಗೇ ಮೀಸಲಾದಾಗ, 1757ರ ಫೆಬ್ರವರಿ 23ರಂದು ಊರಿನವರು ದಂಗೆಯೆದ್ದರು. ಪೊಂಬಾಲ್ ಅದನ್ನು ರಾಜದ್ರೋಹವೆಂದು ಪರಿಗಣಿಸಿದನು. ಹಲವರಿಗೆ ಮರಣದಂಡನೆ ವಿಧಿಸಲಾಯಿತು. ಅವರಲ್ಲಿ ಹೆಂಗಸರೂ ಇದ್ದರು. ಇತಿಹಾಸ ಆ ಘಟನೆಯನ್ನು 'ಕುಡುಕರ ದಂಗೆ' ಎಂಬ ಹೆಸರಿನಿಂದ ನೆನೆಯುತ್ತದೆ. ಜೀವನೋಪಾಯ ಕಳೆದುಕೊಂಡವರ ಹೋರಾಟಕ್ಕೆ ಗೆದ್ದವರು ಅಂಟಿಸುವ ಹೆಸರು ಎಂಥದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬೆಟ್ಟದಲ್ಲಿ ತಯಾರಾದ ವೈನ್ ಗಾಯಕ್ಕೆ ಬರುತ್ತಿದ್ದುದು 'ರಬೇಲು' ಎಂಬ ದೋಣಿಗಳಲ್ಲಿ. ಚಪ್ಪಟೆ ತಳ, ಒಂದೇ ದೊಡ್ಡ ಚೌಕಪಟ, ಹಿಂಬದಿಯಲ್ಲಿ ಎತ್ತರದ ಅಟ್ಟದ ಮೇಲೆ ನಿಂತು ನಡೆಸಬೇಕಾದ ಉದ್ದನೆಯ ಚುಕ್ಕಾಣಿಹುಟ್ಟು. ಅಣೆಕಟ್ಟುಗಳಿಲ್ಲದ ಕಾಲದ ಡೌರೊ ಸುಳಿ ಬಂಡೆಗಳ ನದಿ. 1861ರ ಮೇ 12ರಂದು ವಾಲೈರಾ ಎಂಬ ಕಂದರದಲ್ಲಿ ದೋಣಿ ಮಗುಚಿ, ಈ ನದಿಯ ನಕಾಶೆಗಳನ್ನು ಸಿದ್ಧಪಡಿಸಿದ್ದ ಜೋಸೆಫ್ ಜೇಮ್ಸ್ ಫಾರೆಸ್ಟರ್‌ನೇ ಮುಳುಗಿ ಸತ್ತನು. ಅದೇ ದೋಣಿಯಲ್ಲಿದ್ದ, ಡೌರೊದ ಅತಿದೊಡ್ಡ ತೋಟಗಳ ಒಡತಿ ದೋನಾ ಅಂತೋನಿಯಾ ಫೆರೈರಾ ಬದುಕುಳಿದಳು. ಆಕೆಯ ಅಗಲವಾದ ಲಂಗ ನೀರಿನಲ್ಲಿ ತೇಲಿ ಆಕೆಯನ್ನು ಉಳಿಸಿತೆಂದೂ, ಫಾರೆಸ್ಟರ್‌ನ ಸೊಂಟದ ಹಣದ ಚೀಲ ಅವನನ್ನು ತಳಕ್ಕೆಳೆಯಿತೆಂದೂ ಜನ ಹೇಳುತ್ತಾರೆ. ಇವರಿಬ್ಬರ ಕಥೆ ಉಳಿಯಿತು. ಅದೇ ಸುಳಿಗಳನ್ನು ಬದುಕಿಡೀ ದಾಟಿದ ದೋಣಿಗಾರರು ಹೆಸರಿಲ್ಲದೆ ಹೋದರು.

ಆ ದೋಣಿಗಳು ಹೊರುತ್ತಿದ್ದ ಸರಕಿನ ಅಳತೆ 'ಪೀಪ'. ಡೌರೊದಲ್ಲಿ ಒಂದು ಪೀಪ ಎಂದರೆ 550 ಲೀಟರ್. ಪೋರ್ಟ್ ತಯಾರಿಕೆಯ ಸಾಂಪ್ರದಾಯಿಕ ಲೆಕ್ಕವೂ ಇದಕ್ಕೆ ಹೊಂದುವಂಥದು: ಹುದುಗುತ್ತಿರುವ 435 ಲೀಟರ್ ದ್ರಾಕ್ಷಿರಸಕ್ಕೆ 115 ಲೀಟರ್ ದ್ರಾಕ್ಷಿಯ ಬಟ್ಟಿಸಾರ ಸೇರಿಸಿದರೆ ಹುದುಗುವಿಕೆ ನಿಂತು, ಹಣ್ಣಿನ ಸಿಹಿ ಉಳಿದುಕೊಳ್ಳುತ್ತದೆ, ಒಟ್ಟು ಒಂದು ಪೀಪ. ಕನ್ನಡದ ಓದುಗರಿಗೆ ಈ ಪದ ಹೊಸದಲ್ಲ. ಎಣ್ಣೆಯ ಪೀಪಾಯಿ, ಟಾರಿನ ಪೀಪಾಯಿ, ನೀರಿನ ಪೀಪಾಯಿ ಎನ್ನುವಾಗ ನಾವು ಆಡುವ ಮಾತು ಈ ಪೋರ್ಚುಗೀಸ್ ಪದದಿಂದಲೇ ಬಂದದ್ದು. ತಮಿಳಿನ ಪೀಪ್ಪಾಯ್, ಹಿಂದಿಯ ಪೀಪಾ ಅದರ ಒಡಹುಟ್ಟುಗಳು. ಗೋವೆಯಿಂದ ಕೆನರಾ ಕರಾವಳಿಯ ಹೊನ್ನಾವರ, ಬಸರೂರು, ಮಂಗಳೂರುಗಳವರೆಗೆ ಪೋರ್ಚುಗೀಸರ ಕೋಟೆ ಕೋಠಿಗಳಿದ್ದ ಕಾಲದ ವ್ಯಾಪಾರ ಬಿಟ್ಟುಹೋದ ಪದಗಳಲ್ಲಿ ಇದೂ ಒಂದು. ವೈನ್ ನಮ್ಮ ಬಳಕೆಗೆ ಬರಲಿಲ್ಲ. ಅದರ ಪಾತ್ರೆ ನಮ್ಮ ಮಾತಿನೊಳಗೆ ಬಂದು ನೆಲೆಸಿತು.

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. 19ನೆಯ ಶತಮಾನದಲ್ಲಿ ಫಿಲೊಕ್ಸೆರಾ ಕೀಟ ಡೌರೊದ ಬಳ್ಳಿಗಳನ್ನು ನಾಶಮಾಡಿತು. ಅನೇಕ ಕಟ್ಟೆಸಾಲುಗಳು ಮತ್ತೆ ನಾಟಿಯಾಗದೆ ಹಾಗೆಯೇ ಬಿದ್ದವು. ಅವುಗಳನ್ನು ಅಲ್ಲಿನವರು ಸಾವಿಗೆ ಸಂಬಂಧಿಸಿದ 'ಮೊರ್ತೋರಿಯು' ಎಂಬ ಪದದಿಂದ ಕರೆಯುತ್ತಾರೆ. ರೈಲುಹಳಿ ಕಣಿವೆಯಲ್ಲಿ ಮುಂದುವರಿದು 1887ರಲ್ಲಿ ಸ್ಪೇನಿನ ಗಡಿಯನ್ನು ಮುಟ್ಟಿತು. ದೋಣಿಗಳ ಕೆಲಸ ಕ್ರಮೇಣ ಇಳಿಯಿತು. ಆದರೂ ಗಾಯದ ಉಗ್ರಾಣಗಳಿಗೆ ಕುಂದು ಬರಲಿಲ್ಲ. ಏಕೆಂದರೆ 1926ರ ಕಾನೂನು, ರಫ್ತಾಗುವ ಪೋರ್ಟ್ ವೈನ್ ಗಾಯದ ಉಗ್ರಾಣ ವಲಯದಿಂದಲೇ ಹೊರಡಬೇಕೆಂದು ವಿಧಿಸಿತು. ಆರು ದಶಕಗಳ ಕಾಲ ವ್ಯಾಪಾರ ಈ ಇಳಿಜಾರಿಗೆ ಕಟ್ಟುಬಿದ್ದಿತ್ತು. 1986ರಲ್ಲಿ ಆ ಕಟ್ಟು ಸಡಿಲವಾಯಿತು. ಬೆಳೆಗಾರರು ಕಣಿವೆಯಿಂದಲೇ ನೇರವಾಗಿ ರಫ್ತು ಮಾಡಬಹುದಾಯಿತು. ದೊಡ್ಡ ಲಾರಿಗಳು ಗಾಯದ ಇಕ್ಕಟ್ಟಾದ ಓಣಿಗಳಿಗೆ ಹೊಂದುವಂಥವಲ್ಲ. ದಾಸ್ತಾನು ವಿಶಾಲವಾದ ಬೇರೆ ಸ್ಥಳಗಳತ್ತ ಸಾಗತೊಡಗಿತು. ನದಿಯೂ ಬದಲಾಗಿತ್ತು. ರಬೇಲುಗಳು 1960ರ ದಶಕದ ಮಧ್ಯಭಾಗಕ್ಕೆ ಸರಕು ಸಾಗಿಸುವುದನ್ನು ನಿಲ್ಲಿಸಿದ್ದವು. 1970 ಮತ್ತು 80ರ ದಶಕಗಳಲ್ಲಿ ಎದ್ದ ಐದು ಅಣೆಕಟ್ಟುಗಳು ಪೋರ್ಚುಗಲ್ಲಿನ ಡೌರೊವನ್ನು ಸರೋವರಗಳ ಮಾಲೆಯಾಗಿಸಿದವು. ಇಂದು ಗಾಯದ ದಡದಲ್ಲಿ ಲಂಗರು ಹಾಕಿರುವ ರಬೇಲುಗಳು ಹೊತ್ತಿರುವುದು ಕಂಪನಿಗಳ ಹೆಸರುಗಳನ್ನು.

ಆದುದರಿಂದ ಈ ಸಂಗ್ರಹಾಲಯಗಳ ಸಮುಚ್ಚಯವು ವೈನಿನ ಇತಿಹಾಸವನ್ನು ಹೇಳುವುದಷ್ಟೇ ಅಲ್ಲದೆ, ತಾನೂ ಆ ಇತಿಹಾಸದ ಇತ್ತೀಚಿನ ಅಧ್ಯಾಯವಾಗಿದೆ. ಕಾನೂನು ತಂದ ಸರಕು ಕಾನೂನು ಸಡಿಲವಾದೊಡನೆ ಹೊರಟಿತು. ಬಿಟ್ಟ ಜಾಗದಲ್ಲಿ ಸರಕಿನ ಕಥೆ ಸರಕಾಯಿತು. ಪಾನಪಾತ್ರೆಗಳನ್ನೂ ಬಿರಡೆಗಳನ್ನೂ ನೋಡುವವನು ಅವುಗಳ ಹಿಂದಿನ ಕಾಲಮಾನವನ್ನು ಓದಲು ಕಲಿಯಬೇಕು. ಬಿರಡೆಯ ಮರದಿಂದ ಮೊದಲ ಸಲ ತೊಗಟೆ ಸುಲಿಯುವುದು ಸುಮಾರು 25 ವರ್ಷಕ್ಕೆ. ಅನಂತರ ಕನಿಷ್ಠ 9 ವರ್ಷಗಳ ಅಂತರ. ಸೀಸೆಗೆ ಯೋಗ್ಯವಾದ ತೊಗಟೆ ದೊರೆಯುವುದು ಮೂರನೆಯ ಸುಲಿತಕ್ಕೆ. ನೆಟ್ಟವನ ಕೈಗೆ ಫಲ ಬರುವುದು ಅಪರೂಪ. ಚಾಕೊಲೇಟಿನ ಕಥೆಯನ್ನು ಪೋರ್ಚುಗಲ್ಲಿನಲ್ಲಿ ನಿಂತು ಕೇಳುವವನು ಅದರ ವಸಾಹತಾಗಿದ್ದ ಸಾವೋ ತೊಮೆ ದ್ವೀಪವನ್ನೂ ನೆನೆಯಬೇಕು. ಗುಲಾಮಗಿರಿ ಕಾನೂನಿನಲ್ಲಿ ಅಳಿದ ಮೇಲೂ ಅಲ್ಲಿನ ಕೋಕೋ ತೋಟಗಳಲ್ಲಿ ಬಲವಂತದ ದುಡಿಮೆ ಮುಂದುವರಿದುದರಿಂದ, 1909ರಲ್ಲಿ ಕ್ಯಾಡ್‌ಬರಿ ಮೊದಲಾದ ಇಂಗ್ಲೆಂಡಿನ ತಯಾರಕರು ಅಲ್ಲಿನ ಕೋಕೋ ಕೊಳ್ಳುವುದನ್ನು ನಿಲ್ಲಿಸಿದರು.

ಗಾಯವನ್ನು ನೋಡಿದ ಸಂಶೋಧಕನು ಅಲ್ಲಿಗೇ ನಿಲ್ಲಬಾರದು. ಪೋರ್ತೊದಿಂದ ಕಣಿವೆಯ ರೈಲು ಹಿಡಿದರೆ ಪಿನ್ಯಾಂವ್ ನಿಲ್ದಾಣ ಸಿಗುತ್ತದೆ. ಅದರ ಗೋಡೆಗಳ ಮೇಲೆ 1937ರಲ್ಲಿ ಅಳವಡಿಸಿದ ನೀಲಿ ಹೆಂಚುಗಳ 24 ಚಿತ್ರಫಲಕಗಳಿವೆ. ದ್ರಾಕ್ಷಿಯ ಕೊಯ್ಲು, ಬುಟ್ಟಿ ಹೊತ್ತವರು, ದೋಣಿ ನಡೆಸುವವರು ಅಲ್ಲಿ ಚಿತ್ರಿತರಾಗಿದ್ದಾರೆ. ನಿಲ್ದಾಣದಿಂದ ಹೊರಗೆ ಬಂದರೆ ಸುತ್ತಲ ಬೆಟ್ಟಗಳಲ್ಲಿ ಕಟ್ಟೆಸಾಲುಗಳು. ಗಲೀಸಿಯಾದಿಂದ ಕೂಲಿಗೆ ಬಂದವರೂ ಸೇರಿ ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲಿಟ್ಟು ಎಬ್ಬಿಸಿದ ಗೋಡೆಗಳು. ಯುನೆಸ್ಕೋ 2001ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಭೂದೃಶ್ಯವನ್ನು. ಅಲ್ಲಲ್ಲಿ ತೋಟಗಳ ಅಂಚಿನಲ್ಲಿ 'ಫೈತೊರಿಯ' ಎಂದು ಕೊರೆದ ಪೊಂಬಾಲ್‌ನ ಕಂಬಗಳು ಇಂದಿಗೂ ನಿಂತಿವೆ. ಅಕ್ಷರ ವರ್ತಕರದು, ಕಲ್ಲು ಕಡಿದವರ ಹೆಸರು ಅದರ ಮೇಲಿಲ್ಲ.