ಕರುಳು ಮುಚ್ಚದ ಬಾಗಿಲು

1832ರ ಮೇ ತಿಂಗಳು. ಸ್ಕಾಟ್ಲೆಂಡಿನ ಎಡಿನ್‌ಬರೋ ಪಕ್ಕದ ಲೀತ್ ಬಂದರಿನಲ್ಲಿ ಕಾಲರಾ ಹಬ್ಬಿತ್ತು. ವೈದ್ಯ ಥಾಮಸ್ ಲಟ್ಟಾ ಅವರ ಮುಂದೆ ಮಲಗಿದ್ದ ವೃದ್ಧೆಗೆ ನಾಡಿಯೇ ಸಿಗುತ್ತಿರಲಿಲ್ಲ. ಕಣ್ಣು ಗುಳಿಬಿದ್ದಿತ್ತು, ಕೈಕಾಲು ತಣ್ಣಗಾಗಿದ್ದವು. ಲಟ್ಟಾ ಆಕೆಯ ತೋಳಿನ ರಕ್ತನಾಳಕ್ಕೆ ಕೊಳವೆ ತೂರಿಸಿ ಉಪ್ಪುನೀರನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಡತೊಡಗಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಮೂರು ಲೀಟರಿಗೂ ಹೆಚ್ಚು ನೀರು ಸೇರುವ ಹೊತ್ತಿಗೆ ಮುಖಕ್ಕೆ ಕಳೆ ಬಂತು, ಕಣ್ಣು ಹೊಳೆಯಿತು, ಮೈ ಬೆಚ್ಚಗಾಯಿತು. ಇನ್ನು ಭಯವಿಲ್ಲವೆಂದು ಆಕೆಯನ್ನು ಆಸ್ಪತ್ರೆಯ ಇನ್ನೊಬ್ಬ ವೈದ್ಯರಿಗೆ ಒಪ್ಪಿಸಿ ಲಟ್ಟಾ ಹೊರಟರು. ವಾಂತಿಭೇದಿ ಮರುಕಳಿಸಿತು. ಐದೂವರೆ ಗಂಟೆಯೊಳಗೆ ಆಕೆ ತೀರಿಕೊಂಡರು.

ಕಾಲರಾದಲ್ಲಿ ಜೀವ ತೆಗೆಯುವುದು ನೀರು ಮತ್ತು ಉಪ್ಪಿನ ನಷ್ಟ ಎಂಬುದು ಆ ಹೊತ್ತಿಗಾಗಲೇ ಗೊತ್ತಾಗಿತ್ತು. ರೋಗಿಗಳ ರಕ್ತವನ್ನು ಪರೀಕ್ಷಿಸಿ ಅದನ್ನು ಹೇಳಿದವರು ವಿಲಿಯಂ ಬ್ರೂಕ್ ಓಶಾನೆಸಿ ಎಂಬ ಐರಿಷ್ ತರುಣ. ಮುಂದೆ ಭಾರತದಲ್ಲಿ ತಂತಿ ವ್ಯವಸ್ಥೆಯನ್ನು ಕಟ್ಟಿದವರೂ ಇವರೇ. ರಕ್ತನಾಳದ ಮೂಲಕ ಉಪ್ಪುನೀರು ಕೊಡುವುದನ್ನು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕಲ್ಕತ್ತಾದ ಲಿಯೊನಾರ್ಡ್ ರಾಜರ್ಸ್ ಮತ್ತೆ ಬಳಕೆಗೆ ತಂದು ಸಾವನ್ನು ಬಹುಮಟ್ಟಿಗೆ ತಗ್ಗಿಸಿದರು. ಆದರೆ ಕಳೆದುಹೋದ ನೀರು, ಉಪ್ಪನ್ನು ಅದೇ ರೋಗಿಗೆ ಬಾಯಿಂದ ಕುಡಿಸಬಹುದೆಂದು ವೈದ್ಯಲೋಕ ಒಪ್ಪಿಕೊಳ್ಳಲು ಲಟ್ಟಾ ಕಾಲದಿಂದ ಹೆಚ್ಚುಕಡಿಮೆ 140 ವರ್ಷ ಬೇಕಾಯಿತು. ಆ ತಡಕ್ಕೆ ಕಾರಣವನ್ನು ಕರುಳಿನಲ್ಲೇ ಹುಡುಕಬೇಕು.

ಆರೋಗ್ಯವಂತ ಮನುಷ್ಯನ ಜೀರ್ಣಾಂಗದಲ್ಲಿ ದಿನಕ್ಕೆ ಎಂಟೊಂಬತ್ತು ಲೀಟರ್ ನೀರು ಹರಿಯುತ್ತದೆ. ಅದರಲ್ಲಿ ಉಂಡು ಕುಡಿದು ಬಂದದ್ದು ಸುಮಾರು ಎರಡು ಲೀಟರ್ ಮಾತ್ರ. ಉಳಿದದ್ದನ್ನೆಲ್ಲ ದೇಹವೇ ಸುರಿಸುತ್ತದೆ: ಬಾಯಿಯ ಜೊಲ್ಲು, ಜಠರದ ಆಮ್ಲ, ಪಿತ್ತಜನಕಾಂಗದ ಪಿತ್ತ, ಮೇದೋಜೀರಕ ಗ್ರಂಥಿಯ ರಸ, ಜತೆಗೆ ಕರುಳಿನದೇ ರಸ. ಅನ್ನ ಕರಗಿ ಸಾರ ಹೊರಬರಬೇಕಾದರೆ ಇಷ್ಟೂ ಬೇಕು. ಕೆಲಸ ಮುಗಿದ ಮೇಲೆ ಆರು ಮೀಟರಿನಷ್ಟು ಉದ್ದದ ಸಣ್ಣ ಕರುಳು ಇದರ ಬಹುಪಾಲನ್ನು ಹೀರಿಕೊಳ್ಳುತ್ತದೆ, ಮಿಕ್ಕಿದ್ದನ್ನು ದೊಡ್ಡ ಕರುಳು ಎಳೆದುಕೊಳ್ಳುತ್ತದೆ. ಕೊನೆಗೆ ಮಲದಲ್ಲಿ ಹೊರಹೋಗುವ ನೀರು 100ರಿಂದ 200 ಮಿಲಿಲೀಟರ್. ಜನರನ್ನು ಕಾಡುವ ಹೊಟ್ಟೆಯ ತೊಂದರೆಗಳಲ್ಲಿ ಎರಡು ಈ ಲೆಕ್ಕ ತಪ್ಪಿದಾಗ ಬರುವಂಥವು. ಮಲ ದೊಡ್ಡ ಕರುಳಿನಲ್ಲಿ ಬಹಳ ಹೊತ್ತು ನಿಂತು ನೀರೆಲ್ಲ ಇಂಗಿದರೆ ಮಲಬದ್ಧತೆ. ಹೀರಿಕೊಳ್ಳುವುದಕ್ಕಿಂತ ಸುರಿಯುವುದೇ ಹೆಚ್ಚಾದರೆ ಭೇದಿ.

ಕಾಲರಾ ಇದರ ಅತಿರೇಕ. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತಾಕ್ಕೆ ಬಂದು ರೋಗಿಗಳ ಕರುಳಿನಲ್ಲಿ ಅಲ್ಪವಿರಾಮದಂತೆ ಬಾಗಿದ ರೋಗಾಣುವನ್ನು ಗುರುತಿಸಿದ್ದರು. ಅದು ಕೊಲ್ಲುವ ಬಗೆ ಮಾತ್ರ ಮುಂದಿನ 75 ವರ್ಷ ಸ್ಪಷ್ಟವಾಗಲಿಲ್ಲ. ಕಗ್ಗಂಟನ್ನು ಬಿಡಿಸಿದವರು ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಿಂದ ಬಂದ ಶಂಭುನಾಥ ಡೇ. ಅವರು ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು, ರೋಗಾಣು ಬೆಳೆದ ದ್ರವವನ್ನು ಸೋಸಿ, ಒಂದೇ ಒಂದು ಜೀವಂತ ರೋಗಾಣುವೂ ಇಲ್ಲದಂತೆ ಮಾಡಿ ಅದರೊಳಗೆ ಹಾಕಿದರು. ಕರುಳಿನ ಆ ತುಂಡು ನೀರು ತುಂಬಿ ಊದಿಕೊಂಡಿತು. ಅಂದರೆ ರೋಗಾಣು ಕರುಳನ್ನು ಕೊರೆಯಬೇಕಾಗಿಲ್ಲ, ಅದು ಸುರಿಸುವ ವಿಷವೇ ಸಾಕು. ಆ ವಿಷ ತಗಲಿದ ಕರುಳಿನ ಕೋಶಗಳು ಕ್ಲೋರೈಡನ್ನು ಹೊರಕ್ಕೆ ಸುರಿಯುತ್ತಲೇ ಇರುತ್ತವೆ, ಸೋಡಿಯಂ ಮತ್ತು ನೀರು ಅದರ ಬೆನ್ನು ಹತ್ತುತ್ತವೆ. ವಯಸ್ಕನೊಬ್ಬ ಗಂಟೆಗೆ ಒಂದು ಲೀಟರಿನವರೆಗೂ ಕಳೆದುಕೊಳ್ಳಬಹುದು.

ಡೇ ಅವರ ಪ್ರಬಂಧ 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಡೇ ಹೆಸರನ್ನು ನೊಬೆಲ್‌ಗೆ ಸೂಚಿಸಿದರು. ಆದರೂ ಡೇ ಬದುಕಿರುವವರೆಗೆ ಭಾರತದ ಒಂದು ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಲಿಲ್ಲ. 1985ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆ ಅವರ ಕೆಲಸಕ್ಕೆಂದೇ ವಿಶೇಷ ಸಂಚಿಕೆ ತಂದದ್ದು 1990ರಲ್ಲಿ. ಕಲ್ಕತ್ತಾದ ಇನ್ನೊಬ್ಬ ವೈದ್ಯರಿಗೆ ಅಷ್ಟೂ ದಕ್ಕಲಿಲ್ಲ. ಹೇಮೇಂದ್ರನಾಥ ಚಟರ್ಜಿ 1953ರಲ್ಲೇ 186 ಕಾಲರಾ ರೋಗಿಗಳಿಗೆ ಉಪ್ಪು ಮತ್ತು ಗ್ಲುಕೋಸ್ ಕಲಸಿದ ನೀರು ಕುಡಿಸಿ ಫಲಿತಾಂಶವನ್ನು ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ್ದರು. ದೇಹಕ್ಕೆ ಎಷ್ಟು ನೀರು ಸೇರಿತು, ಎಷ್ಟು ಹೊರಹೋಯಿತು ಎಂಬ ಅಳತೆ ಅದರಲ್ಲಿರಲಿಲ್ಲವೆಂದು ಪಶ್ಚಿಮದ ವಿಜ್ಞಾನಿಗಳು ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಅಳತೆ ಇರಲಿಲ್ಲ ಎಂಬುದು ನಿಜ. ಆದರೆ ಆ ಅಳತೆಯನ್ನು ತಾವೇ ಮಾಡಿ ನೋಡಬಹುದಾಗಿದ್ದವರು ಸುಮ್ಮನಿದ್ದುದರ ಬೆಲೆಯನ್ನು ಇನ್ನೂ ಹದಿನೈದು ವರ್ಷ ರೋಗಿಗಳು ತೆತ್ತರು.

ಭೇದಿಯಾದಾಗ ಹೊಟ್ಟೆಗೆ ವಿಶ್ರಾಂತಿ ಕೊಡಬೇಕು, ಬಾಯಿಗೆ ಏನೂ ಹಾಕಬಾರದು ಎಂಬುದು ಆಗಿನ ವೈದ್ಯಕೀಯದ ಗಟ್ಟಿ ನಂಬಿಕೆ. ನಮ್ಮ ಹಳ್ಳಿಗಳಲ್ಲೂ ಭೇದಿಯಾದ ಮಗುವಿಗೆ ನೀರು ಕುಡಿಸಿದರೆ ಭೇದಿ ಜಾಸ್ತಿಯಾಗುತ್ತದೆ ಎನ್ನುವವರಿದ್ದರು, ಈಗಲೂ ಇದ್ದಾರೆ. ಬರೀ ನೀರು ಅಥವಾ ಬರೀ ಉಪ್ಪುನೀರಿನ ಮಟ್ಟಿಗೆ ಅದರಲ್ಲಿ ಸ್ವಲ್ಪ ಹುರುಳೂ ಇದೆ, ಕೆಟ್ಟ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳದು. ಹಾಗಿದ್ದೂ ಕರುಳು ಒಂದು ಬಾಗಿಲನ್ನು ಮುಚ್ಚುವುದಿಲ್ಲ. 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ವಿಜ್ಞಾನಿ ರಾಬರ್ಟ್ ಕ್ರೇನ್ ಅದನ್ನು ಮುಂದಿಟ್ಟರು: ಸಣ್ಣ ಕರುಳಿನ ಕೋಶಗಳು ಗ್ಲುಕೋಸನ್ನು ಒಳಗೆ ತೆಗೆದುಕೊಳ್ಳುವಾಗ ಸೋಡಿಯಂ ಜತೆಗೂಡಿಯೇ ಬರಬೇಕು, ಒಂದಿಲ್ಲದೆ ಇನ್ನೊಂದಕ್ಕೆ ಪ್ರವೇಶವಿಲ್ಲ. ಎರಡೂ ಒಳಬಂದರೆ ನೀರೂ ಬರುತ್ತದೆ. ಕಾಲರಾದ ವಿಷ ಈ ಬಾಗಿಲನ್ನು ಮುಟ್ಟುವುದಿಲ್ಲ.

1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ವೈದ್ಯರಾದ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ರೋಗಿಯ ಹಾಸಿಗೆಯ ಬಳಿ ತೋರಿಸಿಕೊಟ್ಟರು. ಇಬ್ಬರಿಗೂ ಆಗ ಮೂವತ್ತು ತುಂಬಿರಲಿಲ್ಲ. ಹೊರಹೋದ ನೀರನ್ನು ಅಳೆದು ಅಷ್ಟೇ ನೀರನ್ನು ಬಾಯಿಂದ ಕೊಡುತ್ತಾ ಹೋಗುವುದು ಅವರ ವಿಧಾನ. ರಕ್ತನಾಳದ ಮೂಲಕ ಕೊಡಬೇಕಾದ ದ್ರವದಲ್ಲಿ ಸುಮಾರು ಶೇ 80ರಷ್ಟು ಉಳಿತಾಯವಾಯಿತು. ಆಗಲೂ ತಜ್ಞರ ಅನುಮಾನ ಹೋಗಲಿಲ್ಲ: ಆಸ್ಪತ್ರೆಯಲ್ಲಿ, ನುರಿತವರ ಕಣ್ಣೆದುರು ಸರಿ, ಬೇರೆಡೆ ಇದು ಅಪಾಯ ಎಂದರು.

ಆ ಅನುಮಾನವನ್ನು ಮುರಿದದ್ದು ಯುದ್ಧ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಗಟ್ಟಲೆ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು. ಗಡಿಯ ಬನಗಾಂವ್‌ನಲ್ಲೇ ಸುಮಾರು ಮೂರೂವರೆ ಲಕ್ಷ ಜನ. ಅಲ್ಲಿ ಕಾಲರಾ ಎದ್ದಿತು. ಜೂನ್‌ನಲ್ಲಿ ಕಲ್ಕತ್ತಾದ ವೈದ್ಯ ದಿಲೀಪ್ ಮಹಾಲನಬಿಸ್ ಅಲ್ಲಿಗೆ ಹೋದಾಗ ಆಸ್ಪತ್ರೆಯೆಂದು ಇದ್ದದ್ದು ಎರಡು ಕೋಣೆ, ಹದಿನಾರು ಹಾಸಿಗೆ. ನೆಲದ ಮೇಲೆಲ್ಲ ರೋಗಿಗಳು. ಸೂಜಿ ಚುಚ್ಚಬೇಕಾದರೆ ವಾಂತಿ ಮತ್ತು ಮಲದ ನಡುವೆ ಮಂಡಿಯೂರಿ ಕೂರಬೇಕು. ಕೆಲವೇ ದಿನಗಳಲ್ಲಿ ಸಲೈನ್ ಬಾಟಲಿಗಳು ಮುಗಿಯುತ್ತಾ ಬಂದವು.

ಮಹಾಲನಬಿಸ್ ಮುಂದೆ ಬೇರೆ ದಾರಿ ಇರಲಿಲ್ಲ. ಲೀಟರಿಗೆ 22 ಗ್ರಾಂ ಗ್ಲುಕೋಸ್, ಮೂರೂವರೆ ಗ್ರಾಂ ಅಡುಗೆ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾ. ಇದಿಷ್ಟೇ ಅವರ ಮದ್ದು. ಕಲ್ಕತ್ತಾದ ಪ್ರಯೋಗಾಲಯದ ಪುಸ್ತಕಾಲಯದಲ್ಲಿ ಕೂತು ಪುಡಿಗಳನ್ನು ತೂಗಿ, ಪಾಲಿಥೀನ್ ಚೀಲಕ್ಕೆ ತುಂಬಿ, ಕಾದ ಇಸ್ತ್ರಿಪೆಟ್ಟಿಗೆಯಿಂದ ಬಾಯಿ ಅಂಟಿಸಿದರು. ಬನಗಾಂವ್‌ನಲ್ಲಿ ಅದನ್ನು ಡ್ರಮ್ಮಿನ ನೀರಿಗೆ ಕಲಸಿ ಇಟ್ಟರು. ರೋಗಿಯ ಅಮ್ಮನೋ ಅಣ್ಣನೋ ಲೋಟದಲ್ಲಿ ಹಿಡಿದು ತಂದು ಕುಡಿಸುತ್ತಾ ಕೂತರು. ನುರಿತವರ ಕಣ್ಗಾವಲು ಬೇಕೇ ಬೇಕು ಎಂದಿದ್ದ ಕೆಲಸವನ್ನು ಮನೆಯವರು ಮಾಡಿದರು. ಶಿಬಿರಗಳಲ್ಲಿ ಶೇ 30ರಷ್ಟಿದ್ದ ಸಾವು ಮಹಾಲನಬಿಸ್ ಆರೈಕೆಯಲ್ಲಿದ್ದವರಲ್ಲಿ ಶೇ 3.6ಕ್ಕೆ ಇಳಿಯಿತು. ಇವತ್ತು ಓಆರ್‌ಎಸ್ ಎನ್ನುವ ಪೊಟ್ಟಣದ ಚರಿತ್ರೆಯಲ್ಲಿ ಪ್ರಯೋಗಾಲಯಕ್ಕಿಂತ ದೊಡ್ಡ ಪಾಲು ಹೀಗೆ ಲೋಟ ಹಿಡಿದು ಕೂತವರದು. 1978ರಲ್ಲಿ ‘ಲ್ಯಾನ್ಸೆಟ್’ ಈ ಶೋಧವನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಆಗಬಲ್ಲದು ಎಂದು ಕರೆಯಿತು. ಮಹಾಲನಬಿಸ್ 2022ರಲ್ಲಿ ತೀರಿಕೊಂಡರು. ಪದ್ಮ ವಿಭೂಷಣ ಬಂದದ್ದು 2023ರಲ್ಲಿ, ಮರಣೋತ್ತರವಾಗಿ.

ಬಾಂಗ್ಲಾದೇಶ ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದಿತು. 1980ರಿಂದ ಹತ್ತು ವರ್ಷ ಬ್ರ್ಯಾಕ್ ಸಂಸ್ಥೆಯ ಮಹಿಳೆಯರು ಹಳ್ಳಿ ಹಳ್ಳಿ ತಿರುಗಿ, ಒಂದು ಕೋಟಿಗೂ ಹೆಚ್ಚು ಮನೆಗಳಲ್ಲಿ ತಾಯಂದಿರಿಗೆ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರಿನ ಲೆಕ್ಕ ಕಲಿಸಿದರು. ಕೆಲವು ವಾರ ಬಿಟ್ಟು ಬೇರೊಬ್ಬರು ಬಂದು ತಾಯಿಗೆ ಎಷ್ಟು ನೆನಪಿದೆ ಎಂದು ಕೇಳುತ್ತಿದ್ದರು. ಕಲಿಸಿದವರ ಸಂಬಳ ಆ ಉತ್ತರದ ಮೇಲೆ ನಿಂತಿತ್ತು. ಢಾಕಾದಲ್ಲೇ ಗ್ಲುಕೋಸಿಗೆ ಬದಲು ಅಕ್ಕಿಹಿಟ್ಟು ಬಳಸಿಯೂ ನೋಡಿದರು. ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲುಕೋಸಾಗಿ ಒಡೆದು ಅದೇ ಬಾಗಿಲಿನಿಂದ ಒಳಹೋಗುತ್ತದೆ, ಕಾಲರಾ ರೋಗಿಗಳಲ್ಲಿ ಭೇದಿಯ ಪ್ರಮಾಣವೂ ತಗ್ಗುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಹೊಟ್ಟೆ ಕೆಟ್ಟವರಿಗೆ ಗಂಜಿಯ ತಿಳಿಗೆ ಉಪ್ಪು ಹಾಕಿ ಕೊಡುತ್ತಾ ಬಂದ ಅಜ್ಜಿಯರ ಕೈಗುಣದ ಹಿಂದೆ ಇದೇ ಸೋಡಿಯಂ–ಗ್ಲುಕೋಸ್ ಜೋಡಿ ಇದೆ.

2002ರ ನಂತರ ಪೊಟ್ಟಣದ ಪಾಕ ಬದಲಾಗಿದೆ. ಈಗ ಲೀಟರಿಗೆ ಗ್ಲುಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಜತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್, ಒಟ್ಟು 20.5 ಗ್ರಾಂ. ಸಕ್ಕರೆ ಕಡಿಮೆ ಮಾಡಿದ್ದಕ್ಕೆ ಕಾರಣವಿದೆ. ಕರುಳಿನಲ್ಲಿ ಸಕ್ಕರೆ ಮಿತಿಮೀರಿದರೆ ಅದು ನೀರನ್ನು ರಕ್ತಕ್ಕೆ ಬಿಡುವ ಬದಲು ಕರುಳಿಗೇ ಎಳೆದುಕೊಳ್ಳುತ್ತದೆ, ಭೇದಿ ಹೆಚ್ಚುತ್ತದೆ. ಹಣ್ಣಿನ ರುಚಿಯ, ಸಿಹಿ ಸುರಿದ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಹೊತ್ತು ಔಷಧಿ ಅಂಗಡಿಯಲ್ಲಿ ಸಾಲಾಗಿ ನಿಂತಿದ್ದು ಅದಕ್ಕೇ ಅಪಾಯಕಾರಿ. 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಕೂಡದೆಂದು ಆದೇಶಿಸಿತು. ಅಂಗನವಾಡಿಯಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಸಿಗುವ ಅಸಲಿ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿಯಾಗಿ ಕಲಸಬೇಕು, 24 ಗಂಟೆ ಕಳೆದರೆ ಚೆಲ್ಲಬೇಕು. ಮಗು ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಕುಡಿಸಬೇಕು, ಎದೆಹಾಲು ನಿಲ್ಲಿಸಬಾರದು. ಮಲದಲ್ಲಿ ರಕ್ತ ಕಂಡರೆ, ಮಗು ಮಂಪರಿಗೆ ಜಾರಿದರೆ, ಕುಡಿಯಲೂ ಆಗದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು, ಅಲ್ಲಿ ಲಟ್ಟಾ ಅವರ ಹಳೆಯ ವಿಧಾನವೇ ಈಗಲೂ ಕೆಲಸಕ್ಕೆ ಬರುತ್ತದೆ.