ದಂಡವೋ, ರಾಜಿಯ ಹಣವೋ?

ಮಂಗಳೂರಿನಲ್ಲಿ ಬಸ್ಸುಗಳನ್ನೋಡಿಸಿದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯು ಸ್ಥಾಪಿತವಾದುದು 1914ರಲ್ಲಿ. ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸುವ ಮೊದಲ ಮೋಟಾರು ಕಾಯಿದೆಯೂ ಅದೇ ವರ್ಷದ್ದು. ಲೈಸೆನ್ಸಿಲ್ಲದೆ ಮೋಟಾರು ನಡೆಯಿಸಕೂಡದೆಂದು ಅದು ವಿಧಿಸಿತು. ಸಾರ್ವಜನಿಕ ಮಾರ್ಗದಲ್ಲಿ ಹೋಗಲು ಸರಕಾರದ ಅಪ್ಪಣೆಯೇಕೆಂದು ಕೇಳುವವರುಂಟು. ಕಾಲ್ನಡೆಯವನ ಪ್ರಾಣವೂ ಅದೇ ಮಾರ್ಗದಲ್ಲಿರುವುದರಿಂದ ಈ ಆಕ್ಷೇಪವು ನನಗೆ ಸಮ್ಮತವಲ್ಲ. ಆದರೆ ಆ ಅಧಿಕಾರದ ಮೇರೆ ಯಾವುದೆಂದು ಕೇಳುವುದು ನ್ಯಾಯವೇ ಸರಿ.

1939ರ ಕಾಯಿದೆಯ ತರುವಾಯ ಬಂದು ಈಗ ಜಾರಿಯಲ್ಲಿರುವುದು 1988ರ ಕಾಯಿದೆ. ಲೈಸೆನ್ಸನ್ನು ರದ್ದುಪಡಿಸುವ ಮುನ್ನ ಅಧಿಕಾರಿಯು ಆತನ ಅಹವಾಲನ್ನು ಕೇಳತಕ್ಕದ್ದು, ಕಾರಣಗಳನ್ನು ಬರೆದಿಡತಕ್ಕದ್ದು ಎಂದು ಅದರ 19ನೆಯ ಕಲಮು ಹೇಳುತ್ತದೆ. 30 ದಿನಗಳೊಳಗೆ ಅಪೀಲೂ ಉಂಟು.

ಹಂಪನಕಟ್ಟೆಯಲ್ಲಿ ಗಾಡಿಯನ್ನು ಸಲ್ಲದೆಡೆ ನಿಲ್ಲಿಸಿ ಪೊಲೀಸರಿಗೆ ಹಣ ತೆತ್ತವನು ‘ದಂಡ ಕಟ್ಟಿದೆ’ ಎನ್ನುತ್ತಾನೆ. ಮಾತು ಸರಿಯಲ್ಲ. ದಂಡ ವಿಧಿಸುವುದು ನ್ಯಾಯಾಲಯದ ಕೆಲಸ. 200ನೆಯ ಕಲಮಿನಂತೆ ಪೊಲೀಸ್ ಅಧಿಕಾರಿಗಿರುವುದು ಗೊತ್ತುಪಡಿಸಿದ ಮೊತ್ತವನ್ನು ಪಡೆದು ಅಪರಾಧವನ್ನು ರಾಜಿಯಲ್ಲಿ ಮುಗಿಸುವ ಹಕ್ಕು ಮಾತ್ರ. ರಾಜಿಗೊಪ್ಪದವನು ಮೇಜಿಸ್ಟ್ರೇಟರ ಮುಂದೆ ವಾದಿಸಬಹುದು. ಒಂದು ದಿನದ ಸಂಬಳ ಬಿಟ್ಟು ಕೋರ್ಟಿಗೆ ಅಲೆಯುವವರಾದರೂ ಎಷ್ಟು ಮಂದಿ! 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಇಂತಹ ಬಾಕಿಗಳಿಗೆ ಅರ್ಧದಷ್ಟು ರಿಯಾಯಿತಿಯನ್ನು ಸಾರಿತಷ್ಟೆ. ರಾಜಿಯ ಮೊತ್ತವನ್ನು ಗೊತ್ತುಪಡಿಸುವವರು ಸರಕಾರದವರೇ ಆದುದರಿಂದ ಅದು ಸಾಧ್ಯವಾಯಿತು.